ಸೊಪ್ಪಿನ ಊಟಕ್ಕೆ ಯಾಕಿಷ್ಟು ರೇಟು? ಮನೆಯಲ್ಲೇ ಲೆಕ್ಕ ಹಾಕಿ ನೋಡಿ

ಕಾರವಾರದಲ್ಲಿ ಬೆಳಿಗ್ಗೆ ಹೋಟೆಲಿಗೆ ಹೋದರೆ ಒಂದು ಪ್ಲೇಟ್ ಬನ್ಸ್ ಸಲೀಸಾಗಿ ಕೈಗೆಟುಕುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಹರಿವೆ ಪಲ್ಯ, ತಂಬುಳಿ ಇರುವ ಊಟ ಕೇಳಿದರೆ ಬಿಲ್ ನೋಡಿ ಹುಬ್ಬೇರುತ್ತದೆ. 'ಸೊಪ್ಪಿಗೆ ಇಷ್ಟೊಂದಾ?' ಅನ್ನಿಸುತ್ತದೆ, ಅಲ್ವಾ? ಒಂದು ಚೀಟಿ, ಪೆನ್ನು, ಅಡುಗೆಮನೆಯ ತಕ್ಕಡಿ ತೆಗೆದುಕೊಳ್ಳಿ.

ಮೊದಲು ಬನ್ಸ್. ಮೈದಾ, ಸಕ್ಕರೆ, ಮೊಸರು, ಸೋಡಾ, ಎಣ್ಣೆ, ಬಾಳೆಹಣ್ಣು. ಅದೂ ಸಿಪ್ಪೆ ಕಪ್ಪಾದ, ಹಾಗೇ ತಿನ್ನಲು ಯಾರಿಗೂ ಬೇಡವಾದ ಹಣ್ಣು. ಹಾಳಾಗಬೇಕಿದ್ದದ್ದೇ ಇಲ್ಲಿ ರುಚಿ ಕೊಡುತ್ತದೆ. ಮೈದಾದಲ್ಲಿ ತೌಡೂ ಇಲ್ಲ, ಮೊಳಕೆಯ ಭಾಗವೂ ಇಲ್ಲ. ಹಾಗಾಗಿ ಬೇಗ ಕಮಟು ಹಿಡಿಯುವುದಿಲ್ಲ, ಚೀಲ ತಿಂಗಳುಗಟ್ಟಲೆ ಇಡಬಹುದು. ರಾತ್ರಿ ಕಲಸಿಟ್ಟರೆ ಬೆಳಿಗ್ಗೆ ಗಿರಾಕಿ ಬಂದಷ್ಟೇ ಕರಿದರಾಯಿತು.

ಈಗ ಹರಿವೆ. ಬೇರು ಸಮೇತದ ಕಟ್ಟು ತಂದು ತೂಗಿ. ಬೇರು ಕತ್ತರಿಸಿ, ಹುಳ ತಿಂದ ಎಲೆ ಆರಿಸಿ, ನಾರುಗಟ್ಟಿದ ದಂಟು ತೆಗೆಯಿರಿ. ಮೊದಲ ನೀರು ಕೆಸರಾಗುತ್ತದೆ. ಎರಡನೇ ನೀರಲ್ಲೂ ಪಾತ್ರೆಯ ತಳದಲ್ಲಿ ಮರಳು ಕೈಗೆ ಹತ್ತುತ್ತದೆ. ಮೂರನೆಯದಕ್ಕೆ ಸ್ವಚ್ಛ. ಈಗ ಉಳಿದದ್ದನ್ನು ತೂಗಿ. ಕೆ.ಜಿ.ಗೆ 60 ರೂಪಾಯಿ ಕೊಟ್ಟು, ಕಾಲು ಭಾಗ ಕಸಕ್ಕೆ ಹೋಗಿದ್ದರೆ, ನಿಮಗೆ ಸೊಪ್ಪು ಬಿದ್ದದ್ದು 80 ರೂಪಾಯಿಗೆ. ಕೂತು ಬಿಡಿಸಿದವರ ಸಂಬಳ ಇನ್ನೂ ಸೇರಿಲ್ಲ. ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಮನೆಯಲ್ಲಿ ಪುಕ್ಕಟೆ ಆಗುತ್ತದೆ ಅಂತ ನಾವು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ತಪ್ಪು.

ಮಾರಾಟವಾಗದೆ ಉಳಿದ ಊಟವನ್ನೂ ಬರೆಯಿರಿ. 40 ರೂಪಾಯಿ ಅಸಲು ಬೀಳುವ ಊಟ 20 ಮಾಡಿದರು, 15 ಮಾತ್ರ ಹೋಯಿತು ಅಂದುಕೊಳ್ಳಿ. ತಂಬುಳಿ, ಪಲ್ಯ ನಾಳೆಗೆ ಬರುವುದಿಲ್ಲ. 800 ರೂಪಾಯಿಯನ್ನು 15ರಿಂದ ಭಾಗಿಸಿ. ಅಸಲೇ 53 ದಾಟಿತು. ನನ್ನ ಪ್ರಕಾರ ರೇಟು ಏರಿಸುವುದು ಎಲ್ಲಕ್ಕಿಂತ ಜಾಸ್ತಿ ಇದೇ.

ಗ್ಯಾಸ್ ಮರೆಯಬೇಡಿ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆಗಿಂತ (ಕುದಿಸದೆ ಮಾಡಿದ ಅಕ್ಕಿ) ಎಷ್ಟೋ ಜಾಸ್ತಿ ಹೊತ್ತು ಬೇಕು. ಹೋಟೆಲಿನವರು ಮನೆಯ 14.2 ಕೆ.ಜಿ. ಸಿಲಿಂಡರ್ ಬಳಸುವ ಹಾಗಿಲ್ಲ, ವಾಣಿಜ್ಯ ಸಿಲಿಂಡರೇ ಆಗಬೇಕು. ಮಳೆಗಾಲದಲ್ಲಿ ಇನ್ನೂ ಕಷ್ಟ. ಹುಬ್ಬಳ್ಳಿ ಕಡೆಯ ತರಕಾರಿ ಅರಬೈಲ್ ಘಾಟಿ ಇಳಿದು ಬರಬೇಕು.

ಹೊಟ್ಟೆ ತುಂಬುವ ಲೆಕ್ಕ. ಒಂದು ಲೀಟರ್ ಎಣ್ಣೆಯಲ್ಲಿ ಸುಮಾರು 8,000 ಕ್ಯಾಲೊರಿ ಇದೆ. ಒಂದು ಕೆ.ಜಿ. ಹರಿವೆಯಲ್ಲಿ ಕೆಲವು ನೂರು ಅಷ್ಟೇ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸಬೇಕು ಅಂದರೆ ಎಣ್ಣೆ, ಮೈದಾ, ಸಕ್ಕರೆಯೇ ಸಲೀಸು. ದಿನಗೂಲಿಯವರು ಬನ್ಸ್, ಭಜಿ ತಿಂದು ಕೆಲಸಕ್ಕೆ ಹೋದರೆ ಅವರಿಗೆ ತಿಳಿವಳಿಕೆ ಇಲ್ಲ ಅಂತ ದಯವಿಟ್ಟು ಹೇಳಬೇಡಿ.

ಹಾಗಂತ ಒಳ್ಳೆಯದೆಲ್ಲ ತುಟ್ಟಿ ಅಂತಲ್ಲ. ಇಡ್ಲಿ ನೋಡಿ. ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲ, ಆದರೂ ಅಗ್ಗ. ಯಾಕೆ? ನೂರಾರು ಹೋಗುತ್ತವೆ, ಉಳಿಯುವುದು ಕಡಿಮೆ. ಹೆಸರುಕಾಳು ಉಸಲಿಯೂ ಹಾಗೇ, ಕಾಳು ಡಬ್ಬದಲ್ಲಿ ಕೆಡುವುದಿಲ್ಲ.

ಯಾವುದಕ್ಕೆ ಜಾಸ್ತಿ ಕೊಡಬೇಕು? ಅಘನಾಶಿನಿ ನದಿ ದಡದ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯ ಕಗ್ಗ ತಳಿಯ ಅಕ್ಕಿಗೆ ಖುಷಿಯಿಂದ ಕೊಡಿ. ಉಪ್ಪುನೀರಲ್ಲಿ ಗೊಬ್ಬರ ಇಲ್ಲದೆ ಬೆಳೆಯುತ್ತದೆ, ಕೆಸರಿಗಿಳಿದು ಕೈಯಲ್ಲೇ ಕೊಯ್ಯಬೇಕು. ಆದರೆ ಮೆನುವಿನಲ್ಲಿ ಸುಮ್ನೆ 'ಹೆಲ್ದಿ', 'ಮಲ್ಟಿಗ್ರೇನ್' ಅಂತ ಬರೆದಿದ್ದರೆ ಹಿಟ್ಟಿನಲ್ಲಿ ಮೈದಾ ಎಷ್ಟು ಅಂತ ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ಬೇರೆ ಏನಾದರೂ ಹೇಳಿ.

ಶಿರಸಿ ಕಡೆ ಹೋದಾಗ ಇನ್ನೊಂದು ಮಾಡಿ. ಮೆನು ಕಾರ್ಡ್ ನೋಡುವ ಮೊದಲು 'ಇವತ್ತು ಯಾವ ತಂಬುಳಿ?' ಅಂತ ಕೇಳಿ. ತಂಬುಳಿಗೆ ಬೇಕಾದ ಒಂದೆಲಗ ಹಿತ್ತಲಿನಲ್ಲೇ ಸಿಗುವ ಊರು ಅದು. ದಿನಾ ಹೋಗುವ ಹೋಟೆಲಾದರೆ 'ನಾಳೆ ನಾವು ನಾಲ್ಕು ಜನ ಊಟಕ್ಕೆ ಬರ್ತೇವೆ' ಅಂತ ಹಿಂದಿನ ದಿನವೇ ಹೇಳಿಬಿಡಿ. ಬೆಳಿಗ್ಗೆ ಎಷ್ಟು ಕಟ್ಟು ಸೊಪ್ಪು ತರಬೇಕು ಅಂತ ಅವರಿಗೆ ಗೊತ್ತಿರುತ್ತದೆ.