ಇಂಗ್ರಿಡ್ ಬರ್ಗ್‌ಮನ್ ಚಿತ್ರಗಳನ್ನು ಬಳ್ಳಾರಿಯಲ್ಲಿ ಎರಡು ಸಂಜೆ ತೋರಿಸುವುದು ಹೇಗೆ

ಸ್ವೀಡನ್ ಮೂಲದ ಹಾಲಿವುಡ್ ನಟಿ ಬರ್ಗ್‌ಮನ್‌ರ ಎರಡು ಚಿತ್ರ ಸಾಕು: ಮೊದಲ ಸಂಜೆ ‘ಗ್ಯಾಸ್‌ಲೈಟ್’ (1944), ಮರುದಿನ ‘ಅನಸ್ತೇಸಿಯಾ’ (1956). ಆಕೆಯ ಹೆಸರಾಂತ ಚಿತ್ರ ‘ಕಾಸಾಬ್ಲಾಂಕಾ’ ಯಾಕಿಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. ಆದರೆ ಆಕೆಯ ಅಭಿನಯದ ಆಳ ಕಾಣುವುದು ‘ಗ್ಯಾಸ್‌ಲೈಟ್’ನಲ್ಲೇ, ಮೊದಲ ಆಸ್ಕರ್ ಬಂದದ್ದೂ ಅದಕ್ಕೇ. ರಂಗನಟ ಬಳ್ಳಾರಿ ರಾಘವರ ಊರಿನವರಿಗೆ ಅಭಿನಯದ ರುಚಿ ಹೇಳಿಕೊಡಬೇಕಿಲ್ಲ, ಚಿತ್ರ ಕೆಡದಂತೆ ತೋರಿಸಿದರೆ ಸಾಕು.

ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ‘ಗ್ಯಾಸ್‌ಲೈಟ್’ ಚೌಕಟ್ಟಿನ ಅಗಲ-ಎತ್ತರದ ಪ್ರಮಾಣ 1.37:1. ಹತ್ತು ಅಡಿ ಅಗಲದ 16:9 ಪರದೆಯಲ್ಲಿ ಅದು ಸುಮಾರು 7.7 ಅಡಿ ಅಗಲಕ್ಕೆ ನಿಲ್ಲಬೇಕು, ಎರಡೂ ಬದಿ ಕಪ್ಪು ಉಳಿಯಬೇಕು. ಜಾಗ ವ್ಯರ್ಥವಾಯಿತೆಂದು ಹಿಗ್ಗಿಸಿದರೆ ಆಕೆಯ ಮುಖವೇ ಊದಿಕೊಳ್ಳುತ್ತದೆ.

ಆಮೇಲೆ ಬೆಳಕು. ಗಂಡ ಅಟ್ಟದಲ್ಲಿ ದೀಪ ಹಚ್ಚಿದಾಗ ಕೆಳಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಕಥೆಯ ಜೀವ ಅಲ್ಲಿದೆ. ಪ್ರೊಜೆಕ್ಟರ್‌ನಲ್ಲಿ ಆಟೋ ಬ್ರೈಟ್‌ನೆಸ್, ಡೈನಾಮಿಕ್ ಕಾಂಟ್ರಾಸ್ಟ್ ಆನ್ ಇದ್ದರೆ ಯಂತ್ರವೇ ಬೆಳಕನ್ನು ಏರಿಳಿಸಿ ಆ ಮಂಕನ್ನು ಅಳಿಸಿಬಿಡುತ್ತದೆ. ಎರಡನ್ನೂ ಆಫ್ ಮಾಡಿ, ‘ಸಿನಿಮಾ’ ಮೋಡ್ ಇಡಿ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಬೇಸಿಗೆಯಲ್ಲಿ ಏಳು ಗಂಟೆಗೆ ಮೊದಲು ಶುರು ಮಾಡಬೇಡಿ. ಇಲ್ಲಿಯ ಕೆಂಪು ಧೂಳು ಪ್ರೊಜೆಕ್ಟರ್‌ನ ಏರ್ ಫಿಲ್ಟರ್‌ಗೆ ಕೂತರೆ ಯಂತ್ರ ಕಾದು ನಡುವೆಯೇ ನಿಲ್ಲುತ್ತದೆ. ಹಿಂದಿನ ದಿನವೇ ಫಿಲ್ಟರ್ ತೆಗೆದು ಸ್ವಚ್ಛ ಮಾಡಿ.

ಕನ್ನಡ ಸಬ್‌ಟೈಟಲ್ ನೀವೇ ಮಾಡುವುದಾದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫೈಲ್ ಉಳಿಸುವಾಗ ಯುಟಿಎಫ್-8 ಎನ್‌ಕೋಡಿಂಗ್ ಆರಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದು ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳಾಗಿ ಬರುತ್ತದೆ. ಒಮ್ಮೆಗೆ ಎರಡು ಸಾಲು ಮೀರಬೇಡಿ. ಒತ್ತಕ್ಷರ ಪರದೆಯ ಅಂಚಿಗೆ ಸಿಕ್ಕಿ ಕತ್ತರಿಸದಂತೆ ಕೆಳಗೆ ತುಸು ಜಾಗ ಬಿಡಿ.

ಪರಿಚಯಕ್ಕೆ ಐದು ನಿಮಿಷ ಸಾಕು. ಮೊದಲ ದಿನ: 1915ರ ಆಗಸ್ಟ್ 29ರಂದು ಸ್ಟಾಕ್‌ಹೋಮ್‌ನಲ್ಲಿ ಜನನ, ಎಳೆವೆಯಲ್ಲೇ ತಾಯಿ, ಹದಿಹರೆಯದಲ್ಲಿ ತಂದೆ ಇಲ್ಲವಾದದ್ದು, 1939ರಲ್ಲಿ ಹಾಲಿವುಡ್‌ಗೆ ಬಂದಾಗ ಹೆಸರನ್ನಾಗಲಿ ಹುಬ್ಬನ್ನಾಗಲಿ ಬದಲಿಸಲು ಒಪ್ಪದ ಗಟ್ಟಿತನ. ಇಟಲಿಯ ನಿರ್ದೇಶಕ ರೊಸೆಲ್ಲಿನಿಯೊಂದಿಗಿನ ಪ್ರೇಮ ಪ್ರಕರಣವನ್ನು ಎರಡನೇ ಸಂಜೆಗೇ ಇಟ್ಟುಕೊಳ್ಳಿ. ಆ ಸಂಬಂಧಕ್ಕಾಗಿ 1950ರಲ್ಲಿ ಅಮೆರಿಕದ ಸೆನೆಟ್‌ನಲ್ಲೇ ಆಕೆಯನ್ನು ನಿಂದಿಸಲಾಯಿತು ಎಂದು ತಿಳಿದು ನೋಡಿದರೆ, ‘ಅನಸ್ತೇಸಿಯಾ’ದಲ್ಲಿ ಗುರುತು ಕಳೆದುಕೊಂಡವಳ ಕಣ್ಣು ಬೇರೆಯೇ ಕಾಣುತ್ತದೆ. ಎರಡನೇ ಆಸ್ಕರ್ ಅದಕ್ಕೇ ಬಂತು.

ಈ ಚಿತ್ರ ಸಿನೆಮಾಸ್ಕೋಪ್, ಅಂದರೆ ಪರದೆಗಿಂತಲೂ ಅಗಲ ಚೌಕಟ್ಟಿನದು: ಕಪ್ಪು ಈಗ ಮೇಲೆ ಕೆಳಗೆ ಬರುತ್ತದೆ. ಸಬ್‌ಟೈಟಲನ್ನು ಕೆಳಗಿನ ಕಪ್ಪಿಗೆ ಇಳಿಸಿ, ಮುಖಕ್ಕೆ ಅಡ್ಡ ಬರುವುದಿಲ್ಲ.