ಹಳೇ ಕರಿಜ್ಮಾ ಬೈಕಿಗೆ ಸ್ಟೀಲ್ ಬ್ರೇಕ್ ಪೈಪ್ ಹಾಕ್ದೆ, ಪೈಪಿಗಿಂತ ಗಾಳಿನೇ ಜಾಸ್ತಿ ಕಾಡ್ತು

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಪುಣೆ ಹತ್ರದ ಸಿಂಹಗಡ ಕೋಟೆಗೆ ಹೋಗಿದ್ವಿ, ನಾನು ಮತ್ತೆ ನಮ್ಮ ಸೋದರಮಾವನ ಮಗ. ಮೇಲೆ ಪಿಠಲಾ ಭಾಕ್ರಿ, ಅಂದ್ರೆ ನಮ್ಮ ಝುಣಕ ರೊಟ್ಟಿನೇ, ಹೆಸರು ಬೇರೆ ಅಷ್ಟೇ, ಹೊಟ್ಟೆ ತುಂಬ ತಿಂದು ಇಳೀತಾ ಇದ್ದಾಗ ನಾಲ್ಕೈದು ತಿರುವು ಆದ್ಮೇಲೆ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗ್ತಾ ಬಂತು, ಮೊದಲು ಎರಡು ಬೆರಳಲ್ಲಿ ಹಿಡೀತಿದ್ದೆ, ಆಮೇಲೆ ನಾಲ್ಕು ಬೆರಳು, ಕೆಳಗೆ ನಾಕಾ ಹತ್ರ ಬರೋ ಹೊತ್ತಿಗೆ ಲಿವರ್ ಬಂದು ಗ್ರಿಪ್ಪಿಗೆ ಮುಟ್ತು. ಹಿಂದಿನ ಡ್ರಮ್ ಮತ್ತೆ ಗೇರ್ ನಂಬ್ಕೊಂಡು ಹೆಂಗೋ ಇಳಿದ್ವಿ. ಹಿಂದೆ ಕೂತಿದ್ದ ಹುಡುಗನಿಗೆ ಇದ್ಯಾವ್ದೂ ಗೊತ್ತೇ ಇಲ್ಲ, ಅವನು ಫೋನಲ್ಲಿ ವಿಡಿಯೋ ಮಾಡ್ಕೊಂತ ಕೂತಿದ್ದ.

ಗಾಡಿ 2006ರ ಹೀರೋ ಹೋಂಡಾ ಕರಿಜ್ಮಾ, 223 ಸಿಸಿ, ಮುಂದೆ 276 ಎಂಎಂ ಡಿಸ್ಕ್, ಹಿಂದೆ ಡ್ರಮ್. ಹುಬ್ಬಳ್ಳಿಯಲ್ಲಿ ತಗೊಂಡಿದ್ದು, ಕೆಎ 25 ನಂಬರ್ ಇತ್ತು, ಪುಣೆಗೆ ಬಂದ್ಮೇಲೆ ಎಂಎಚ್ 12 ಮಾಡ್ಸಿ, 15 ವರ್ಷ ಆದ್ಮೇಲೆ ಮತ್ತೆ ರಿಜಿಸ್ಟ್ರೇಶನ್ ಮಾಡ್ಸಿ ಇಟ್ಕೊಂಡಿದ್ದೀನಿ, ಮನೆಲಿ ಎಲ್ರೂ ಮಾರು ಅಂತಾರೆ, ನಾನು ಹೂಂ ಅಂತೀನಿ. ನಾನಿರೋದು ಪುಣೆ ಪಕ್ಕದ ಭೋಸರಿ, ಅಲ್ಲೇ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಮಷೀನ್ ಶಾಪಲ್ಲಿ ಕ್ವಾಲಿಟಿ ನೋಡ್ಕೋತೀನಿ, ಅಳೆಯೋದೇ ನನ್ನ ಕೆಲಸ. ಅದು ಆಮೇಲೆ ಉಪಯೋಗಕ್ಕೆ ಬಂತು.

ಮನೆಗೆ ಬಂದು ರಿಸರ್ವಾಯರ್, ಅಂದ್ರೆ ಹ್ಯಾಂಡಲ್ ಮೇಲಿರೋ ಬ್ರೇಕ್ ಆಯಿಲ್ ಡಬ್ಬಿ, ಅದರ ಮುಚ್ಚಳ ತೆಗೆದು ನೋಡಿದ್ರೆ ಆಯಿಲ್ ಚಹಾ ಡಿಕಾಕ್ಷನ್ ಥರ ಇತ್ತು. ಆ ಮುಚ್ಚಳದ ಎರಡು ಸ್ಕ್ರೂ ಬಗ್ಗೆ ಒಂದು ಮಾತು, ಬಹಳ ಮೆತ್ತನೆ ತಲೆ ಅವು, ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಜೋರಾಗಿ ತಿರುಗಿಸಿದ್ರೆ ತಲೆ ಸವೆದು ಗುಂಡಗಾಗಿಬಿಡತ್ತೆ, ಮೊದಲು ಸ್ಕ್ರೂಡ್ರೈವರ್ ಇಟ್ಟು ಹಿಡಿ ಮೇಲೆ ಸಣ್ಣದಾಗಿ ಎರಡು ಏಟು ಹಾಕಿ, ಪೂರ್ತಿ ಒತ್ತಿ ಹಿಡಿದು ತಿರುಗ್ಸಿ, ಬಿಡ್ತಾವೆ.

ಲಿವರ್ ಹಿಡಿದ್ರೆ ಈ ಆಯಿಲ್ಲೇ ಪೈಪಲ್ಲಿ ಒತ್ತಡ ಒಯ್ದು ಚಕ್ರದ ಹತ್ರದ ಕ್ಯಾಲಿಪರಿಗೆ, ಅಂದ್ರೆ ಡಿಸ್ಕಿಗೆ ಪ್ಯಾಡ್ ಒತ್ತೋ ಭಾಗಕ್ಕೆ, ಮುಟ್ಟಿಸೋದು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರನ್ನ ಹೀರ್ಕೋತದೆ. ಡಾಟ್ 4 ಅನ್ನೋ ದರ್ಜೆ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ನೀರು ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯತ್ತೆ. ಘಾಟ್ ಇಳೀವಾಗ ಕ್ಯಾಲಿಪರ್ ಕಾದು ಆಯಿಲ್ ಕುದಿದ್ರೆ ಒಳಗೆ ಆವಿ ಆಗ್ತದೆ, ಆಯಿಲ್ ಒತ್ತಿದ್ರೆ ಕುಗ್ಗಲ್ಲ ಆದ್ರೆ ಆವಿ ಕುಗ್ತದೆ, ಲಿವರ್ ಸುಮ್ನೆ ಒಳಗೆ ಹೋಗಿಬಿಡತ್ತೆ. ನಂದು ಆಗಿದ್ದು ಇದೇ. ಪುಣೆ ಮಳೆಗಾಲದಲ್ಲಿ ನಾಲ್ಕು ತಿಂಗಳು ನೆನೆಯೋ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯ್ಸಿ ಅಂತ ಹೇಳೋದು ಸುಮ್ನೆ ಅಲ್ಲ, ನಾನು ಎಷ್ಟು ವರ್ಷ ಬದಲಾಯ್ಸಿರಲಿಲ್ಲ ಅಂತ ಮಾತ್ರ ಕೇಳ್ಬೇಡಿ.

ಹಂಗಾಗಿ ಮೊದಲು ಬರೀ ಆಯಿಲ್ ಬದಲಾಯ್ಸಿದೆ. ಕ್ಯಾಲಿಪರ್ ಜಾರೋ ಪಿನ್ ತೆಗೆದು ಒರೆಸಿ ಸಿಲಿಕಾನ್ ಗ್ರೀಸ್ ಹಚ್ದೆ, ಬೇರಿಂಗಿಗೆ ಹಾಕೋ ಗ್ರೀಸ್ ಹಚ್ಬೇಡಿ, ಅಲ್ಲಿರೋ ರಬ್ಬರ್ ಊದ್ಕೊಳ್ತದೆ. ಇಷ್ಟಕ್ಕೇ ಬ್ರೇಕ್ ಅರ್ಧಕ್ಕರ್ಧ ಸುಧಾರಿಸ್ತು. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಎಲ್ರೂ ಪೈಪು ಆಯಿಲ್ಲು ಪ್ಯಾಡು ಒಂದೇ ದಿನ ಬದಲಾಯ್ಸಿ ಸ್ಟೀಲ್ ಪೈಪ್ ಹಾಕ್ದೆ ಗಾಡಿ ಗೋಡೆಗೆ ಬಡಿದಂಗೆ ನಿಲ್ತದೆ ಅಂತಾರೆ, ಅದ್ರಲ್ಲಿ ಪೈಪಿನ ಪಾಲೆಷ್ಟು ಆಯಿಲಿನ ಪಾಲೆಷ್ಟು ಅಂತ ಅವರಿಗೇ ಗೊತ್ತಿರಲ್ಲ.

ಆದ್ರೂ ಲಿವರ್ ಕೊನೆಗೆ ಇನ್ನೂ ರಬ್ಬರ್ ಬಾಲ್ ಹಿಸುಕಿದಂಗೆ ಅನಿಸ್ತಿತ್ತು. ತಮ್ಮನ ಕೈಲಿ ಲಿವರ್ ಜೋರಾಗಿ ಹಿಡಿಸಿ ನಾನು ಪೈಪನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಕೂತೆ. ಹಿಡಿದಾಗ ಪೈಪ್ ಉಬ್ಬೋದು ಬೆರಳಿಗೆ ಗೊತ್ತಾಗ್ತಿತ್ತು, ನಾಡಿ ಹಿಡಿದಂಗೆ. ಕ್ಯಾಲಿಪರ್ ಹತ್ರ ಬಗ್ಗೋ ಜಾಗದಲ್ಲಿ ರಬ್ಬರ್ ಸಣ್ಣಗೆ ಬಿರುಕು ಬಿಟ್ಟಿತ್ತು. ಟೈರಲ್ಲಿ ಗಾಳಿ 2 ಬಾರ್ ಆಸುಪಾಸು ಇರತ್ತೆ, ಜೋರಾಗಿ ಬ್ರೇಕ್ ಹಿಡಿದಾಗ ಈ ಪೈಪ್ ಒಳಗೆ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಒತ್ತಡ, ಹಳೇ ರಬ್ಬರ್ ಉಬ್ಬದೆ ಇನ್ನೇನ್ ಮಾಡತ್ತೆ. ಸ್ಟೀಲ್ ಪೈಪ್ ಅಂತಾರಲ್ಲ, ಅದ್ರಲ್ಲಿ ಆಯಿಲ್ ಹೋಗೋ ಒಳಗಿನ ನಳಿಗೆ ಟೆಫ್ಲಾನ್, ಅದರ ಮೇಲೆ ಸ್ಟೇನ್‌ಲೆಸ್ ತಂತಿ ಹೆಣೆದಿರ್ತಾರೆ, ಆ ಹೆಣಿಗೆ ಉಬ್ಬೋಕೆ ಬಿಡಲ್ಲ, ಅಷ್ಟೇ ಅದರ ಕೆಲಸ.

ಪುಣೆಯ ನಾನಾ ಪೇಠಲ್ಲಿ ಗಾಡಿ ಸಾಮಾನಿನ ಮೂರ್ನಾಲ್ಕು ಅಂಗಡಿ ತಿರುಗಿದೆ, ಎಲ್ಲ ಕಡೆ ಪಲ್ಸರಿಂದು ಇದೆ ಕರಿಜ್ಮಾದು ಇಲ್ಲ ಅಂದ್ರು, ಕೊನೆಗೆ ಅಳತೆ ಕೊಟ್ಟು ಮಾಡ್ಸಿದೆ. ಅಳತೆ ಅಂದ್ರೆ ಹಳೇ ಪೈಪ್ ಬಿಚ್ಚೋಕ್ಕಿಂತ ಮುಂಚೆ ಒಂದು ದಾರ ತಗೊಂಡು ಪೈಪ್ ಹೋದ ದಾರಿಯಲ್ಲೇ ಹಾಕಿ, ಬೋಲ್ಟ್ ತೂತಿನ ನಡುವಿಂದ ಆ ಕಡೆ ತೂತಿನ ನಡುವಿನ ತನಕ, ಮೇನ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಫೋರ್ಕ್, ಅಂದ್ರೆ ಮುಂದಿನ ಶಾಕ್ ಅಬ್ಸಾರ್ಬರ್, ಪೂರ್ತಿ ಕೆಳಗೆ ಬಿಟ್ಟು, ಹ್ಯಾಂಡಲ್ ಎರಡೂ ಕಡೆ ತುದಿ ತನಕ ತಿರುಗ್ಸಿ. ನನ್ನ ನಂಬರ್ ಇಲ್ಲಿ ಬರೆಯಲ್ಲ, ಬರೆದ್ರೆ ಯಾರಾದ್ರೂ ಅದನ್ನೇ ಆರ್ಡರ್ ಮಾಡ್ತಾರೆ, ನಿಮ್ಮ ಗಾಡಿ ನೀವೇ ಅಳೀರಿ. ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಇರೋದೇ ಕೇಳಿ ತಗೊಳ್ಳಿ, ಬರೀ ತಂತಿ ಹೆಣಿಗೆ ಇದ್ರೆ ಅದು ಗರಗಸ ಇದ್ದಂಗೆ, ಫೋರ್ಕು ಮಡ್‌ಗಾರ್ಡು ಎಲ್ಲಿ ತಾಗತ್ತೋ ಅಲ್ಲೆಲ್ಲ ಕೊರೀತಾ ಹೋಗತ್ತೆ.

ಪೈಪು, ಎರಡು ಬೋಲ್ಟು, ನಾಲ್ಕು ತಾಮ್ರದ ವಾಷರ್ ಎಲ್ಲ ಸೇರಿ ನನಗೆ 1800 ರೂಪಾಯಿ ಬಿತ್ತು.

ಇಲ್ಲಿಂದ ಶುರು ನೋಡಿ. ಶನಿವಾರ ಸಂಜೆ ಪಾರ್ಕಿಂಗಲ್ಲಿ ಕೂತೆ, ಟ್ಯಾಂಕ್ ಮೇಲೆ ಒದ್ದೆ ಟವೆಲ್ ಹಾಸಿದೆ, ಯಾಕಂದ್ರೆ ಬ್ರೇಕ್ ಆಯಿಲ್ ಪೇಂಟಿಗೆ ಬಿದ್ರೆ ಪೇಂಟ್ ಗುಳ್ಳೆ ಎದ್ದು ಹೋಗ್ತದೆ, ಬಿದ್ದ ಕೂಡ್ಲೇ ನೀರು ಹಾಕಿ ತೊಳೀಬೇಕು, ಒಣ ಬಟ್ಟೆಲಿ ಒರೆಸಿದ್ರೆ ಹರಡತ್ತೆ. ಹಳೇ ಪೈಪ್ 12ರ ಪಾನಾದಲ್ಲಿ ಬಿಚ್ದೆ. ಹೊಸ ಪೈಪು, ಹೊಸ ಬೋಲ್ಟು, ಎರಡೂ ಕಡೆ ವಾಷರ್ ಹಾಕಿ ಮೇಲೆ ಲಿವರ್ ಹತ್ರ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿಗೆ ಬೋಲ್ಟನ್ನ ಕೈಯಲ್ಲೇ ತಿರುಗ್ಸಿದೆ. ಎರಡು ಸುತ್ತು ಹೋಯ್ತು, ಆಮೇಲೆ ಬಿಗಿ. ಪಾನಾ ಹಾಕ್ಬೇಕು ಅಂತ ಕೈ ಹೋಯ್ತು ನೋಡಿ, ಅಲ್ಲಿ ನಿಂತೆ. ಹಳೇ ಬೋಲ್ಟ್ ಕೈಯಲ್ಲೇ ಸರಾಗ ಬಂದಿತ್ತು, ಹೊಸದ್ಯಾಕೆ ಬಿಗಿ ಅಂತ. ಬ್ಯಾಗಲ್ಲಿ ಕಂಪನಿ ಕೆಲಸದ ಥ್ರೆಡ್ ಗೇಜ್, ಅಂದ್ರೆ ಬೋಲ್ಟಿನ ಹಲ್ಲಿನ ಅಂತರ ಅಳೆಯೋ ಎಲೆಗಳ ಕಟ್ಟು, ಇತ್ತು, ತೆಗೆದು ಹಳೇ ಬೋಲ್ಟಿನ ಹಲ್ಲಿಗೆ 1.25 ಎಂಎಂ ಎಲೆ ಇಟ್ಟೆ, ಬೆಳಕಿಗೆ ಹಿಡಿದ್ರೆ ಸಂದಿಯಲ್ಲಿ ಒಂಚೂರೂ ಬೆಳಕು ಬರಲಿಲ್ಲ. ಅದೇ ಎಲೆ ಹೊಸ ಬೋಲ್ಟಿಗೆ ಇಟ್ರೆ ಕೂರ್ಲೇ ಇಲ್ಲ, 1.0 ಎಲೆ ಕೂತ್ಕೊಂತು. ಎರಡೂ 10 ಎಂಎಂ ಬೋಲ್ಟೇ, ಕಣ್ಣಿಗೆ ಒಂದೇ ಥರ, ಹಲ್ಲು ಮಾತ್ರ ಬೇರೆ. ನಿಸ್ಸಿನ್ ಥರ ಜಪಾನಿ ಬ್ರೇಕಿಗೆ 1.25, ಇಟಲಿಯ ಬ್ರೆಂಬೊ ಕಡೆಯವಕ್ಕೆ 1.0 ಬರತ್ತೆ, ಅಂಗಡಿಯವ ಡಬ್ಬಿಯಿಂದ ಕೈಗೆ ಸಿಕ್ಕಿದ್ದು ಹಾಕಿ ಕೊಟ್ಟಿದ್ದ. ಪಾನಾ ಹಾಕಿ ಎಳೆದಿದ್ರೆ ಬೋಲ್ಟ್ ಸ್ಟೀಲು, ಸಿಲಿಂಡರ್ ಅಲ್ಯೂಮಿನಿಯಮ್, ಯಾವುದರ ಹಲ್ಲು ಹೋಗ್ತಿತ್ತು ಅಂತ ಹೇಳ್ಬೇಕಾಗಿಲ್ಲ.

ಆಮೇಲೆ ಹೊಳೀತು, ಪೈಪ್ ತುದಿಯಲ್ಲಿ ಬೋಲ್ಟ್ ತೂರೋ ಬಳೆಗೆ ಹಲ್ಲೇ ಇಲ್ವಲ್ಲ, ಬರೀ ತೂತು. ಹಳೇ ಬೋಲ್ಟ್ ಉದ್ದನೂ ಸರಿ ಇತ್ತು. ಅವನ್ನೇ ತೊಳೆದು, ಒಳಗಿನ ಸಣ್ಣ ತೂತಿಗೆ ಗಾಳಿ ಊದಿ, ಹೊಸ ವಾಷರ್ ಹಾಕಿ ಕೂರ್ಸಿದೆ. ಹೋಂಡಾ ಗಾಡಿಗಳ ಈ ಸ್ಟೀಲ್ ಬೋಲ್ಟಿಗೆ 34-35 ನ್ಯೂಟನ್ ಮೀಟರ್ ಟಾರ್ಕ್ ಹೇಳ್ತಾರೆ, ಟಾರ್ಕ್ ಪಾನಾ ಇದ್ರೆ ಅದೇ ಹಾಕಿ. ಅಲ್ಯೂಮಿನಿಯಮ್ ಬೋಲ್ಟ್ ಕೊಟ್ಟಿದ್ರೆ ಇಷ್ಟು ಎಳೀಬೇಡಿ, ಮುರಿಯತ್ತೆ. ವಾಷರ್ ಮಾತ್ರ ಹಳೇದು ಬೇಡ, ಒಂದ್ಸಲ ಅಮುಕಿದ ತಾಮ್ರ ಮತ್ತೆ ಸರಿಯಾಗಿ ಸೀಲ್ ಆಗೋದು ಅದೃಷ್ಟದ ಮೇಲೆ.

ಈಗ ಏರ್ ತೆಗೆಯೋದು. ಹೊಸ ಪೈಪ್ ಪೂರ್ತಿ ಖಾಲಿ ಅಲ್ವಾ, ಒಳಗೆಲ್ಲ ಗಾಳಿ. ಕ್ಯಾಲಿಪರಲ್ಲಿ ಗಾಳಿ ಬಿಡೋಕೆ ಇರೋ ನಿಪ್ಪಲಿಗೆ ಅಕ್ವೇರಿಯಂ ಪೈಪ್ ಸಿಕ್ಕಿಸಿ ಇನ್ನೊಂದು ತುದಿ ಅವ್ವನ ಉಪ್ಪಿನಕಾಯಿ ಬಾಟ್ಲಿಗೆ ಬಿಟ್ಟೆ, ಖಾಲಿ ಬಾಟ್ಲಿ ಅಂತ ನಾನು ಅನ್ಕೊಂಡಿದ್ದೆ, ಅವ್ವನ ಲೆಕ್ಕದಲ್ಲಿ ಅದು ಖಾಲಿ ಅಲ್ಲ, ಮುಂದಿನ ವರ್ಷದ ಮಾವಿನಕಾಯಿಗೆ ಇಟ್ಟಿದ್ದು. ಬ್ರೇಕ್ ಆಯಿಲ್ ವಿಷ, ಆ ಬಾಟ್ಲಿ ಮತ್ತೆ ಅಡಿಗೆಮನೆಗೆ ಹೋಗಲಿಲ್ಲ, ಬೈಸ್ಕೊಂಡಿದ್ದು ಬೇರೆ. ಲಿವರ್ ಒತ್ತು, ಹಿಡಿ, 8ರ ಪಾನಾದಲ್ಲಿ ನಿಪ್ಪಲ್ ಬಿಚ್ಚು, ಮುಚ್ಚು, ಆಮೇಲೆ ಲಿವರ್ ಬಿಡು. ಒಂದು ತಾಸು ಮಾಡಿದೆ. ಕೆಳಗೆ ಗುಳ್ಳೆ ಬರೋದು ನಿಂತೋಯ್ತು, ಲಿವರ್ ಮಾತ್ರ ಹಂಗೇ ಗ್ರಿಪ್ಪಿಗೆ ಬರ್ತಿತ್ತು. ಎರಡು ತಾಸು, ಕಾಲು ಬಾಟ್ಲಿ ಆಯಿಲ್ ಖಾಲಿ. ಹಳೇ ಪೈಪೇ ವಾಸಿ ಇತ್ತಲ್ಲೋ ಅನ್ಸಿಬಿಡ್ತು.

ಅಷ್ಟೊತ್ತಿಗೆ ಕೆಳಗಿನ ಮನೆ ಕಾಕಾ ಬಂದ್ರು. ಇಂಡಿ ಕಡೆಯವ್ರು, ನಿಗಡಿಯಲ್ಲಿ ಗ್ಯಾರೇಜಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಸುಮ್ನಿದ್ದಾರೆ. ಐದು ನಿಮಿಷ ಏನೂ ಮಾತಾಡ್ದೆ ನೋಡಿದ್ರು, ಆಮೇಲೆ "ತಮ್ಮಾ, ಗಾಳಿ ಮ್ಯಾಲ ಹೋಗೂದು, ನೀ ಕೆಳಗ ಎಳಿಯಾಕ ಹತ್ತೀಯಲ್ಲೋ" ಅಂದ್ರು.

"ಕಾಕಾ, ಎಲ್ಲಾರೂ ಹಿಂಗ ಮಾಡ್ತಾರಲ್ರಿ" ಅಂದೆ.

"ಎಲ್ಲಾರೂ ಮಾಡ್ತಾರ, ಗಾಳಿಗೇನ್ ಗೊತ್ತೈತಿ? ಮೊದ್ಲ ಮೇನ್ ಸ್ಟ್ಯಾಂಡ್ ಇಳಿಸಿ ಸೈಡ್ ಸ್ಟ್ಯಾಂಡ್ ಹಾಕು."

ಮೇನ್ ಸ್ಟ್ಯಾಂಡಲ್ಲಿ ಗಾಡಿ ನೆಟ್ಟಗೆ ನಿಂತಾಗ ಹ್ಯಾಂಡಲ್ ಹೊರಗಡೆಗೆ ಸ್ವಲ್ಪ ಇಳಿಜಾರು, ಹಂಗಾಗಿ ಮಾಸ್ಟರ್ ಸಿಲಿಂಡರಿಂದ ಪೈಪ್ ಹೊರಡೋ ಬೋಲ್ಟೇ ಎಲ್ಲಕ್ಕಿಂತ ಮೇಲಿನ ಜಾಗ ಆಗಿತ್ತು, ಗಾಳಿ ಹೋಗಿ ಅಲ್ಲೇ ಕೂತಿತ್ತು, ರಿಸರ್ವಾಯರಿಗೂ ಬರಲ್ಲ ಕೆಳಗೂ ಇಳಿಯಲ್ಲ. ಸೈಡ್ ಸ್ಟ್ಯಾಂಡ್ ಹಾಕಿದ್ರೆ ಗಾಡಿ ಎಡಕ್ಕೆ ವಾಲಿ ಬಲಗಡೆ ಎದ್ದೇಳತ್ತೆ, ಬೋಲ್ಟ್ ಕೆಳಗಾಗತ್ತೆ. ಕಾಕಾ ಲಿವರನ್ನ ಪೂರ್ತಿ ಒತ್ತಲೇ ಇಲ್ಲ, ಬರೀ ಅರ್ಧ ಇಂಚು, ಬೆರಳ ತುದಿಯಲ್ಲಿ ಟಕ್ ಟಕ್ ಟಕ್ ಅಂತ, ಇನ್ನೊಂದು ಕೈಯಲ್ಲಿ ಪಾನಾ ಹಿಡಿಯಿಂದ ಬೋಲ್ಟಿಗೆ ಮೆಲ್ಲಗೆ ತಟ್ಟುತ್ತಾ. ರಿಸರ್ವಾಯರ್ ಒಳಗೆ ಮೊದಲು ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಬಂತು, ಆಮೇಲೆ ಸಾಲಾಗಿ ನಾಲ್ಕೈದು, ಕೊನೆಗೆ ಬುಳುಕ್ ಅಂತ ಕಡಲೆಯಷ್ಟು ದೊಡ್ಡದೊಂದು. ಲಿವರ್ ನನ್ನ ಕಣ್ಣೆದುರೇ ಗಟ್ಟಿಯಾಯ್ತು.

ಉಳಿದ ಸಣ್ಣ ಗಾಳಿಗೆ ಮೆಡಿಕಲ್ ಅಂಗಡಿಯಿಂದ ದೊಡ್ಡ ಸಿರಿಂಜ್ ತಂದು ಹೊಸ ಆಯಿಲ್ ತುಂಬಿ ಕ್ಯಾಲಿಪರ್ ನಿಪ್ಪಲಿಂದ ಮೇಲಕ್ಕೆ ತಳ್ಳಿದ್ವಿ, ಗಾಳಿ ಹೋಗೋ ದಾರಿಯಲ್ಲೇ ಆಯಿಲ್ಲೂ ಹೋಗ್ಲಿ ಅಂತ. ಮೇಲೆ ರಿಸರ್ವಾಯರ್ ಉಕ್ಕತ್ತೆ, ಅಲ್ಲಿ ಒಬ್ರು ಇನ್ನೊಂದು ಸಿರಿಂಜ್ ಹಿಡ್ಕೊಂಡು ಹೀರ್ತಾ ಇರ್ಬೇಕು. ಮುಂದಿನ ಸಲ ನಾನು ಮೊದಲೇ ಹಿಂಗೇ ಮಾಡೋದು, ಮೇಲಿಂದ ಕೆಳಕ್ಕೆ ಅನ್ನೋ ಕಥೆನೇ ಬೇಡ. ಇನ್ನೊಂದು, ಡಾಟ್ 5 ಅನ್ನೋದು ಸಿಲಿಕಾನ್, ಡಾಟ್ 3, 4ರ ಜೊತೆ ಅದನ್ನ ಬೆರೆಸ್ಬಾರ್ದು, ನಂಬರ್ ದೊಡ್ಡದಿದೆ ಒಳ್ಳೇದಿರ್ಬೇಕು ಅಂತ ತರ್ಬೇಡಿ.

ಓಡಿಸೋಕೆ ಮುಂಚೆ ಎರಡೂ ಬೋಲ್ಟಿಗೆ ಟಿಶ್ಯೂ ಪೇಪರ್ ಸುತ್ತಿ ಲಿವರನ್ನ ಹಗ್ಗದಲ್ಲಿ ಬಿಗಿಯಾಗಿ ಗ್ರಿಪ್ಪಿಗೆ ಕಟ್ಟಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಮೇಲಿನ ಪೇಪರ್ ಒಣಗಿತ್ತು, ಕೆಳಗಿನದ್ರಲ್ಲಿ ಒಂದು ಸಣ್ಣ ಒದ್ದೆ ಚುಕ್ಕೆ. ಬಿಚ್ಚಿ ನೋಡಿದ್ರೆ ಕ್ಯಾಲಿಪರ್ ಮುಖಕ್ಕೆ ಹಳೇ ವಾಷರಿನ ತಾಮ್ರದ ಚೂರು ಅಂಟಿತ್ತು, ಕೆರೆದು ತೆಗೆದು ಇನ್ನೆರಡು ಹೊಸ ವಾಷರ್ ಹಾಕ್ದೆ, ಮತ್ತೆ ಏರ್ ತೆಗೆಯೋ ಕೆಲಸ, ಈ ಸಲ ಇಪ್ಪತ್ತು ನಿಮಿಷ.

ಹೆಂಗಿದೆ ಅಂದ್ರೆ, ಗಾಡಿ ನಿಲ್ಲೋ ದೂರ ಕಡಿಮೆ ಆಯ್ತು ಅಂತ ನಾನು ಹೇಳಲ್ಲ, ನಿಲ್ಲಿಸೋದು ಟೈರು. ಬದಲಾಗಿದ್ದು ಕೈಗೆ ಸಿಗೋ ಸುದ್ದಿ. ಮೊದಲು ಲಿವರ್ ಎಳೆದು, ಪೈಪ್ ಉಬ್ಬಿ, ಆಮೇಲೆ ಪ್ಯಾಡ್ ಕಚ್ತಿತ್ತು, ಈಗ ಬೆರಳು ಇಟ್ಟಲ್ಲೇ ಕಚ್ಚತ್ತೆ, ಎಷ್ಟು ಒತ್ತಿದ್ರೆ ಎಷ್ಟು ಹಿಡಿಯತ್ತೆ ಅಂತ ಬೆರಳಿಗೇ ಗೊತ್ತಾಗತ್ತೆ. ಮೊದಲ ಎರಡು ದಿನ ಹಳೇ ಅಭ್ಯಾಸಕ್ಕೆ ಜೋರಾಗಿ ಹಿಡಿದು ನಾಶಿಕ್ ಫಾಟಾ ಸಿಗ್ನಲ್ಲಲ್ಲಿ ಹಿಂದಿನವ್ರ ಹತ್ರ ಮರಾಠಿಯಲ್ಲಿ ಮಂತ್ರ ಕೇಳಿಸ್ಕೊಂಡೆ. ನಿಮ್ಮ ರಬ್ಬರ್ ಪೈಪ್ ಇನ್ನೂ ನಾಲ್ಕು ವರ್ಷ ಆಗಿಲ್ಲ ಅಂದ್ರೆ ಈ ಖರ್ಚು ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ, ಹೊಸ ಆಯಿಲ್ ಹಾಕಿ ಸಾಕು. ನಂದು ಹತ್ತೊಂಬತ್ತು ವರ್ಷದ ಹಳೇ ಪೈಪ್ ಆಗಿತ್ತು.

ಮತ್ತೆ ಸಿಂಹಗಡಕ್ಕೆ ಹೋಗಿ ಬಂದ್ವಿ, ಮೇಲಿಂದ ಕೆಳಗಿನ ತನಕ ಲಿವರ್ ಒಂದೇ ಜಾಗದಲ್ಲಿ ನಿಲ್ತು. ಈಗ ಮುಂದಿನ ಬ್ರೇಕ್ ಇಷ್ಟು ಸರಿ ಆದ್ಮೇಲೆ ಹಿಂದಿನ ಡ್ರಮ್ ಏನೂ ಹಿಡೀತಾನೇ ಇಲ್ಲ ಅನ್ಸ್ತಿದೆ, ಕಾಕಾನ್ನ ಕೇಳಿದ್ರೆ "ಅದು ಮೊದ್ಲಿಂದನೂ ಹಂಗ ಐತಿ, ನಿನಗ ಈಗ ಗೊತ್ತಾತು" ಅಂದ್ರು. ಬರೋ ಭಾನುವಾರ ಬ್ರೇಕ್ ಶೂ ತರೋಕೆ ನಾನಾ ಪೇಠಿಗೆ ಹೋಗ್ತಿದ್ದೀನಿ, ಕಾಕಾನೂ ಬರ್ತೀನಿ ಅಂದಿದ್ದಾರೆ.