ಕಣಜ ಕಡಿದವರಲ್ಲಿ ನಾನು ಊತಕ್ಕಿಂತ ಮೂತ್ರ ನೋಡುತ್ತೇನೆ

ತಿಪಟೂರು ಸುತ್ತಮುತ್ತ ತೆಂಗಿನ ಗರಿ ಸಂದಿಯ ಗೂಡು ಕಾಣದೆ ಕೈ ಹಾಕಿದವರು, ಹುಣಸೆ ಬಡಿಯಲು ಮರ ಹತ್ತಿದವರು ಕಣಜ ಕಡಿಸಿಕೊಂಡು ನಮ್ಮ ಆಸ್ಪತ್ರೆಗೆ ಬರುತ್ತಲೇ ಇರುತ್ತಾರೆ. ಉಸಿರು ಕಟ್ಟಿ, ಬಿಪಿ ಬಿದ್ದು ಬಂದವರ ವಿಷಯದಲ್ಲಿ ಗೊಂದಲವಿಲ್ಲ. ದೊಡ್ಡವರಾದರೆ ತೊಡೆಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟೇ ಮುಂದಿನ ಮಾತು. ನನಗೆ ಚಿಂತೆ ನಡೆದುಕೊಂಡು ಬಂದವರದ್ದು. ಮೊದಲ ದಿನ ಆರಾಮಾಗಿದ್ದು, ಎರಡು ಮೂರನೇ ದಿನಕ್ಕೆ ಕಿಡ್ನಿ ಕೈಕೊಡುವುದುಂಟು.

ಮೊದಲ ಕೆಲಸ ಎಣಿಸುವುದು. ‘ಬೋ ಕಚ್ಚವೆ ಸಾ’ ಅಂದರೆ ಲೆಕ್ಕ ಸಿಗಲಿಲ್ಲ. ಅಂಗಿ ಬಿಚ್ಚಿಸಿ, ಎಣಿಸಿದ ಪ್ರತಿ ಕಡಿತದ ಪಕ್ಕ ಬಾಲ್‌ಪೆನ್ನಿನ ಚುಕ್ಕೆ ಇಡುತ್ತಾ ಹೋಗುತ್ತೇನೆ. ನೆತ್ತಿಯ ಕೂದಲನ್ನೂ ಬಿಡಿಸಿ ನೋಡಬೇಕು. ಕಣಜ ಜೇನಿನ ಹಾಗೆ ಮುಳ್ಳು ಬಿಟ್ಟು ಸಾಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ; ಎಷ್ಟು ಹುಳ ಇದ್ದವು ಎಂದು ಕೇಳಿ ಪ್ರಯೋಜನವಿಲ್ಲ. ದೊಡ್ಡವರಲ್ಲಿ 30, ಮಕ್ಕಳು ಮತ್ತು ವಯಸ್ಸಾದವರಲ್ಲಿ 10 ದಾಟಿದರೆ ನಾನು ಮನೆಗೆ ಕಳಿಸುವುದಿಲ್ಲ. ಇದು ನಾನೇ ಹಾಕಿಕೊಂಡ ಗೆರೆ. ಅದಕ್ಕಿಂತ ಕಡಿಮೆ ಕಡಿತದಲ್ಲೂ ಕಿಡ್ನಿ ಕೆಡಬಹುದು, ಹಾಗಾಗಿ ಮೂತ್ರದ ಬಾಟಲಿ.

ಪ್ರತಿ ಸಲದ ಮೂತ್ರವನ್ನೂ ಒಳಗಿನ ಬಣ್ಣ ಕಾಣುವ ಪ್ಲಾಸ್ಟಿಕ್ ಬಾಟಲಿಗೆ ಹಿಡಿಸಿ, ಸಮಯ ಬರೆದು, ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಡಿಸುತ್ತೇನೆ. ಕಾಯಿ ಕೀಳುವ ಒಬ್ಬರಿಗೆ ಮಾರನೇ ಬೆಳಿಗ್ಗೆ ಮುಖದ ಊತ ಇಳಿದಿತ್ತು; ಕಿಡ್ನಿ ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 1.1, ಅಂದರೆ ಸಹಜ. ಅವರ ಹೆಂಡತಿಗೆ ಸಿಟ್ಟು: ‘ಊತ ಇಳ್ದೈತಲ್ಲ ಸಾ, ಇನ್ನೂ ಉಚ್ಚೆ ಬಾಟ್ಲಿ ನೋಡ್ತಾ ಕೂತಿದೀರಲ್ಲ!’ ಮಧ್ಯಾಹ್ನದ ಬಾಟಲಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂತ್ರ ಪರೀಕ್ಷೆಯ ಸ್ಟ್ರಿಪ್ ಅದ್ದಿದರೆ ರಕ್ತ ಪಾಸಿಟಿವ್, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣವೇ ಇಲ್ಲ. ಅಂದರೆ ಆ ಬಣ್ಣ ಒಡೆದ ಸ್ನಾಯುವಿನಿಂದ ಬಂದ ಮಯೋಗ್ಲೋಬಿನ್ ಎಂಬ ಪ್ರೋಟೀನಿನದು, ಇಲ್ಲವೇ ರಕ್ತನಾಳದೊಳಗೇ ಒಡೆದ ರಕ್ತಕಣಗಳ ಹಿಮೋಗ್ಲೋಬಿನ್ನಿನದು; ಸ್ಟ್ರಿಪ್ ಎರಡನ್ನೂ ರಕ್ತವೆಂದೇ ತೋರಿಸುತ್ತದೆ. ಎರಡೂ ಕಿಡ್ನಿಯ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ಕ್ರಿಯಾಟಿನಿನ್ ಏರುವುದು ಆಮೇಲೆ.

ಆದ್ದರಿಂದ ಒಂದೇ ರಿಪೋರ್ಟ್ ನಂಬುವುದಿಲ್ಲ. ಸ್ನಾಯು ಒಡೆದರೆ ರಕ್ತದಲ್ಲಿ ಏರುವ ಸಿಪಿಕೆ, ಜೀವಕೋಶ ಒಡೆದರೆ ಏರುವ ಎಲ್‌ಡಿಎಚ್, ರಕ್ತಕಣ ಒಡೆದರೆ ಏರುವ ಬಿಲಿರುಬಿನ್, ಜೊತೆಗೆ ಪೊಟ್ಯಾಸಿಯಂ ಎಲ್ಲವನ್ನೂ 12 ಗಂಟೆ ಬಿಟ್ಟು ಮತ್ತೆ ಮಾಡಿಸುತ್ತೇನೆ. ಸಿಪಿಕೆ 1,000 ದಾಟಿ ಇನ್ನೂ ಏರುತ್ತಿದ್ದರೆ ಸ್ನಾಯು ಕರಗುತ್ತಿದೆ. ಲಿವರ್ ಪರೀಕ್ಷೆಯಲ್ಲಿ ನೋಡುವ ಎರಡು ಕಿಣ್ವಗಳಲ್ಲಿ ಎಸ್‌ಜಿಒಟಿ ಹೆಚ್ಚಿದ್ದು ಎಸ್‌ಜಿಪಿಟಿ ಅಷ್ಟಾಗಿ ಏರದಿದ್ದರೆ ಲಿವರ್ ಹೋಯಿತೆಂದು ಗಾಬರಿ ಬೇಡ, ಅದೂ ಬಹುಮಟ್ಟಿಗೆ ಸ್ನಾಯುವಿನದೇ ಲೆಕ್ಕ. ಇಸಿಜಿ ಅಂತೂ ಎಲ್ಲರಿಗೂ. ಚೀನಾದ ಶಾನ್‌ಷಿ ಪ್ರಾಂತ್ಯದಲ್ಲಿ 2013ರಲ್ಲಿ ಕಣಜ ಕಡಿತದಿಂದ 40ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ವೈದ್ಯರ ಬರಹಗಳಲ್ಲೂ ಕಡಿತದ ಸಂಖ್ಯೆ, ಕಪ್ಪು ಮೂತ್ರ ಪದೇಪದೇ ಬರುತ್ತವೆ.

ಕಣಜದ ವಿಷಕ್ಕೆ ಹಾವಿನದರಂತೆ ಪ್ರತಿವಿಷವಿಲ್ಲ. ಸಲೈನ್ ಬೇಗ ಶುರುಮಾಡಿ, ಮೂತ್ರ ಇಳಿಯುತ್ತಿದೆಯೇ ನೋಡಬೇಕು. ಸಲೈನ್ ಹೋದ ಮೇಲೂ 60 ಕೆಜಿ ತೂಕದವರಿಗೆ ಗಂಟೆಗೆ 30 ಎಂಎಲ್‌ಗಿಂತ ಕಡಿಮೆ ಬಂದರೆ ಇನ್ನಷ್ಟು ಸಲೈನ್ ಸುರಿದು ಶ್ವಾಸಕೋಶಕ್ಕೆ ನೀರು ತುಂಬಿಸುವುದಲ್ಲ, ಡಯಾಲಿಸಿಸ್ ಇರುವಲ್ಲಿಗೆ ಕಳಿಸುವುದು. ಕಾಯಿ ಕೀಳುವವರನ್ನು ಆ ಸಂಜೆಯೇ ತುಮಕೂರಿಗೆ ಕಳಿಸಿದೆ. ಡಯಾಲಿಸಿಸ್ ಆಗಿ ಕಿಡ್ನಿ ಚೇತರಿಸಿಕೊಂಡಿತು. ಚೀಟಿಯಲ್ಲಿ ಕಡಿತದ ಸಂಖ್ಯೆ, ಕಡಿದ ಹೊತ್ತು, ಗಂಟೆವಾರು ಮೂತ್ರ, ಎರಡೂ ಸಿಪಿಕೆ ಬರೆಯುತ್ತೇನೆ. ದಾರಿಯಲ್ಲಿ ಎಲ್ಲಾದರೂ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನೂ ಕೆಂಪಿನಲ್ಲಿ. ಕಿಡ್ನಿಗೆ ಅದು ಇನ್ನೊಂದು ಪೆಟ್ಟು. ನೋವಿಗೆ ನಾನು ಪ್ಯಾರಾಸಿಟಮಾಲ್ ಬಿಟ್ಟು ಸುಲಭಕ್ಕೆ ಬೇರೆ ಕೊಡುವುದಿಲ್ಲ.